ಮೆದುಳಿನ ಗಾಯಕ್ಕೆ ಆಕರಕೋಶದ ಕಸಿ: ಶರೀಅತ್ತಿನ ದೃಷ್ಟಿಯಲ್ಲಿ

ಕೈ ಮುರಿದರೆ ಎಲುಬು ಕೂಡಿಕೊಳ್ಳುತ್ತದೆ. ಚರ್ಮ ಕಿತ್ತುಹೋದರೆ ಹೊಸ ಚರ್ಮ ಬರುತ್ತದೆ. ಯಕೃತ್ತಿನ ಒಂದು ಪಾಲನ್ನು ಕತ್ತರಿಸಿ ತೆಗೆದರೂ ಉಳಿದ ಪಾಲು ಬೆಳೆದು ದೇಹದ ಕೆಲಸಕ್ಕೆ ಸಾಕಾಗುತ್ತದೆ. ಸೃಷ್ಟಿಕರ್ತನು ಮಾನವ ಶರೀರದಲ್ಲಿ ಇರಿಸಿರುವ ಈ ದುರಸ್ತಿಯ ಏರ್ಪಾಡು ಮೆದುಳಿನ ವಿಷಯದಲ್ಲಿ ಮಾತ್ರ ಬಹಳ ಸೀಮಿತವಾದುದು. ತಲೆಗೆ ಬಲವಾದ ಏಟು ಬಿದ್ದು ಮೆದುಳಿನ ಒಂದು ಭಾಗ ಸತ್ತರೆ ಅಲ್ಲಿ ಮತ್ತೆ ನರಕೋಶಗಳು ತುಂಬಿಕೊಳ್ಳುವುದಿಲ್ಲ. ಕಾಲಕ್ರಮೇಣ ಆ ಜಾಗದಲ್ಲಿ ಗಾಯದ ಕಲೆಯಂತಹ ಅಂಗಾಂಶವೂ ಎಷ್ಟೋ ಸಲ ನೀರು ತುಂಬಿದ ಒಂದು ಪೊಳ್ಳೂ ಉಳಿಯುತ್ತದೆ. ಆ ಭಾಗ ಕೈಯನ್ನು ಆಡಿಸುತ್ತಿದ್ದರೆ ಕೈ ಸೋತಿತು. ಮಾತನ್ನು ಜೋಡಿಸುತ್ತಿದ್ದರೆ ಮಾತು ನಿಂತಿತು.

2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದ ದ್ವಿಚಕ್ರ ಸವಾರರು ಮತ್ತು ಹಿಂಬದಿ ಸವಾರರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ಸತ್ತವರ ಲೆಕ್ಕ ಸರಕಾರದ ಬಳಿ ಇದೆ. ಬದುಕುಳಿದು, ಮಂಚ ಹಿಡಿದು, ತಾಯಿಯ ಕೈಯಿಂದ ಗಂಜಿ ಕುಡಿಯುತ್ತಿರುವ ಯುವಕರ ಲೆಕ್ಕ ಆಯಾ ಮೊಹಲ್ಲಾಕ್ಕೆ ಮಾತ್ರ ಗೊತ್ತು.

ಇಂತಹ ಮನೆಗಳ ಬಾಗಿಲಿಗೆ ಈಗ ಒಂದು ಹೊಸ ಆಸೆ ಬಂದು ನಿಂತಿದೆ. ಅದರ ಹೆಸರು ಸ್ಟೆಮ್ ಸೆಲ್. ಕನ್ನಡದಲ್ಲಿ ಆಕರಕೋಶ ಅಥವಾ ಕಾಂಡಕೋಶ ಎನ್ನುತ್ತಾರೆ. "ಉಸ್ತಾದರೇ, ಇದು ಹಲಾಲೇ?" ಎಂದು ಮಸೀದಿಯ ಜಗಲಿಯಲ್ಲಿ ಕೇಳುವವರಿದ್ದಾರೆ. ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಸುಲಭ. ಆದರೆ ಅದು ಕೇಳಿದವನಿಗೆ ಮಾಡುವ ಅನ್ಯಾಯ. ಕೋಶ ಎಲ್ಲಿಂದ ಬಂತೆಂಬುದು ಒಂದು ವಿಷಯ. ಅದರಿಂದ ಗುಣವಾಗುವ ಭರವಸೆ ಎಷ್ಟೆಂಬುದು ಬೇರೆ ವಿಷಯ. ಖರ್ಚಾಗುವ ಹಣ ಯಾರದೆಂಬುದು ಮತ್ತೊಂದು. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಕೇಳಿ ಹೊರಟುಹೋಗುತ್ತಾರೆ.

ಕಸುಬು ಹಿಡಿಯದ ಕೋಶ

ನಮ್ಮ ಶರೀರದ ಬಹುಪಾಲು ಕೋಶಗಳು ಒಂದೊಂದು ಕೆಲಸಕ್ಕೆ ಮುಡಿಪಾದವು. ಸ್ನಾಯುವಿನ ಕೋಶ ನರಕೋಶವಾಗದು, ನರಕೋಶ ರಕ್ತಕಣವಾಗದು. ಆಕರಕೋಶವಾದರೋ ಇನ್ನೂ ಯಾವ ಕಸುಬನ್ನೂ ಹಿಡಿಯದ ಹುಡುಗನಂತೆ. ಅದು ತನ್ನಂತಹದೇ ಇನ್ನೊಂದು ಕೋಶವನ್ನು ಹುಟ್ಟಿಸಬಲ್ಲದು. ಅಗತ್ಯ ಬಿದ್ದಾಗ ಕಸುಬುದಾರ ಕೋಶವಾಗಿ ಮಾರ್ಪಡಲೂಬಲ್ಲದು. ಅಸ್ಥಿಮಜ್ಜೆಯಲ್ಲಿರುವ ಆಕರಕೋಶಗಳು ರಕ್ತವನ್ನು ತಯಾರಿಸುತ್ತವೆ. ಮೆದುಳಿನ ಕೋಶಗಳಾಗಿ ಬೆಳೆಯಬಲ್ಲವುಗಳನ್ನು ನರ ಆಕರಕೋಶ ಎನ್ನುತ್ತಾರೆ.

ಬೆಳೆದ ಮನುಷ್ಯನ ಮೆದುಳಿನಲ್ಲಿ ಹೊಸ ನರಕೋಶ ಹುಟ್ಟುವುದೇ ಇಲ್ಲವೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಸ್ಪೇನಿನ ಮಹಾ ನರವಿಜ್ಞಾನಿ ಸಾಂತಿಯಾಗೊ ರಮೋನ್ ಇ ಕಾಹಾಲ್ 20ನೇ ಶತಮಾನದ ಆರಂಭದಲ್ಲಿ ಹಾಗೆಂದೇ ಬರೆದಿದ್ದ. 1960ರ ದಶಕದಲ್ಲಿ ಜೋಸೆಫ್ ಆಲ್ಟ್‌ಮನ್ ಎಂಬ ಸಂಶೋಧಕ ಇಲಿಗಳ ಮೆದುಳಿನಲ್ಲಿ ಹೊಸ ನರಕೋಶಗಳನ್ನು ಕಂಡುದಾಗಿ ಹೇಳಿದಾಗ ಹೆಚ್ಚಿನವರು ಕಿವಿಗೊಡಲಿಲ್ಲ. 1992ರಲ್ಲಿ ಕೆನಡದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬ್ರೆಂಟ್ ರೆನಾಲ್ಡ್ಸ್ ಮತ್ತು ಸ್ಯಾಮ್ಯುಯಲ್ ವೈಸ್ ಬೆಳೆದ ಇಲಿಯ ಮೆದುಳಿನಿಂದ ಇಂತಹ ಕೋಶಗಳನ್ನು ಬೇರ್ಪಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಿ ತೋರಿಸಿದರು. 1998ರಲ್ಲಿ ಪೀಟರ್ ಎರಿಕ್ಸನ್ ಮತ್ತು ಫ್ರೆಡ್ ಗೇಜ್ ಅವರ ತಂಡ ಮನುಷ್ಯನ ಮೆದುಳಿನಲ್ಲಿಯೂ, ನೆನಪಿಗೆ ಸಂಬಂಧಿಸಿದ ಒಂದು ಭಾಗದಲ್ಲಿ, ಹೊಸ ನರಕೋಶಗಳು ಹುಟ್ಟುತ್ತವೆಂದು ವರದಿ ಮಾಡಿತು. 2018ರಲ್ಲಿ ಮತ್ತೊಂದು ತಂಡ, ವಯಸ್ಕರಲ್ಲಿ ಅವು ಕಾಣಸಿಗುವುದಿಲ್ಲವೆಂದು ಬರೆಯಿತು. ವಿವಾದ ಮುಗಿದಿಲ್ಲ. ಹುಟ್ಟಿದರೂ ಆ ಸಂಖ್ಯೆ ದೊಡ್ಡ ಗಾಯವನ್ನು ತುಂಬಲು ಏನೇನೂ ಸಾಲದೆಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಹಾಗಾದರೆ ಹೊರಗೆ ಬೆಳೆಸಿ ಒಳಗೆ ನೆಡಬಾರದೇಕೆ? ಕಸಿಯ ಯೋಚನೆ ಹುಟ್ಟಿದ್ದು ಇಲ್ಲಿಂದ. ಚೀನಾದ ಶಾಂಘೈ ನಗರದ ಹುವಾಶಾನ್ ಆಸ್ಪತ್ರೆಯ ಶಸ್ತ್ರವೈದ್ಯ ಝು ಜಿಯಾನ್‌ಹಾಂಗ್ ಅವರ ಬಳಿಗೆ, ಊಟದ ಕಡ್ಡಿ ಕಣ್ಣಿನ ಬಳಿಯಿಂದ ಮೆದುಳಿಗೆ ಹೊಕ್ಕ ರೋಗಿಯೊಬ್ಬರು ಬಂದರು. ಕಡ್ಡಿಗೆ ಅಂಟಿಕೊಂಡು ಬಂದ ಚೂರಿನಿಂದಲೇ ಅವರು ಆಕರಕೋಶಗಳನ್ನು ಬೆಳೆಸಿದರು. ತೆರೆದ ಗಾಯವಾದ ರೋಗಿಗಳ ಸ್ವಂತ ಮೆದುಳಿನ ಕೋಶಗಳನ್ನೇ ಹೀಗೆ ಬೆಳೆಸಿ ಅವರಿಗೇ ಕಸಿಮಾಡಿ, ಕಬ್ಬಿಣದ ಸೂಕ್ಷ್ಮ ಕಣಗಳಿಂದ ಗುರುತು ಹಚ್ಚಿದ ಕೋಶಗಳು ಗಾಯದ ಕಡೆಗೆ ಸಾಗುವುದನ್ನು ಎಂ.ಆರ್.ಐ. ಯಂತ್ರದಲ್ಲಿ ಹಿಂಬಾಲಿಸಿದರು. ಇದರ ವರದಿ 2006ರಲ್ಲಿ ಪ್ರಕಟವಾಯಿತು. ನೆಟ್ಟ ಕೋಶ ಚಲಿಸುತ್ತದೆ ಎಂಬುದು ಅದರಿಂದ ತಿಳಿಯಿತು. ರೋಗಿ ಗುಣವಾಗುತ್ತಾನೆ ಎಂಬುದು ಅದರಿಂದ ಸಿದ್ಧವಾಗಲಿಲ್ಲ. ಈ ಎರಡು ಮಾತುಗಳ ನಡುವಿನ ಅಂತರವನ್ನು ಓದುಗರು ಗಮನದಲ್ಲಿ ಇಟ್ಟುಕೊಳ್ಳಬೇಕು.

ಫಿಕ್ಹ್ ವಿದ್ವಾಂಸರು ಮೊದಲೇ ಕೇಳಿದ ಪ್ರಶ್ನೆ

ಇಸ್ಲಾಮೀ ವಿದ್ವಾಂಸರು ವಿಜ್ಞಾನದ ಹಿಂದೆ ಏದುಸಿರು ಬಿಡುತ್ತ ಓಡುವವರೆಂದು ಆಕ್ಷೇಪಿಸುವವರಿದ್ದಾರೆ. ಈ ವಿಷಯದಲ್ಲಿ ಆ ಮಾತು ಸಲ್ಲದು. ಇಸ್ಲಾಮೀ ರಾಷ್ಟ್ರಗಳ ಸಂಘಟನೆಯ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1990ರ ಮಾರ್ಚ್ ತಿಂಗಳಲ್ಲಿ ಜಿದ್ದಾದಲ್ಲಿ ಸೇರಿದ ತನ್ನ 6ನೇ ಅಧಿವೇಶನದಲ್ಲಿ, ಮೆದುಳಿನ ಹಾಗೂ ನರಮಂಡಲದ ಕೋಶಗಳ ಕಸಿಯ ಬಗ್ಗೆಯೇ ಪ್ರತ್ಯೇಕ ನಿರ್ಣಯ ಕೈಗೊಂಡಿತು. ಕ್ಯಾಲ್ಗರಿಯ ಶೋಧಕ್ಕಿಂತ ಎರಡು ವರ್ಷ ಮೊದಲು! ಆಗ ಸ್ವೀಡನ್ ಮುಂತಾದೆಡೆ ಪಾರ್ಕಿನ್ಸನ್ ರೋಗಿಗಳಿಗೆ ಭ್ರೂಣದ ಮೆದುಳಿನ ಅಂಗಾಂಶವನ್ನು ಕಸಿಮಾಡುವ ಪ್ರಯೋಗಗಳು ನಡೆಯುತ್ತಿದ್ದವು. ಇದು ಒಬ್ಬನ ಮೆದುಳನ್ನು ಮತ್ತೊಬ್ಬನಿಗೆ ಇಡುವ ಮಾತಲ್ಲ, ಕೆಟ್ಟುಹೋದ ಕೋಶಗಳ ಕೊರತೆ ನೀಗಿಸುವ ಚಿಕಿತ್ಸೆ ಎಂಬುದನ್ನು ಅಕಾಡೆಮಿ ಮೊದಲು ಸ್ಪಷ್ಟಪಡಿಸಿತು. ಬಳಿಕ ಮೂಲವನ್ನು ಹಿಡಿದು ತೀರ್ಮಾನ ಹೇಳಿತು.

ರೋಗಿಯ ಸ್ವಂತ ಶರೀರದಿಂದ ತೆಗೆದ ಅಂಗಾಂಶವಾದರೆ ಅಡ್ಡಿಯಿಲ್ಲ. ಪ್ರಾಣಿಯ ಭ್ರೂಣದಿಂದಾದರೆ, ಯಶಸ್ಸಿನ ಸಾಧ್ಯತೆ ಇದ್ದು ಶರೀಅತ್ತಿನ ಬೇರಾವ ನಿಷೇಧವೂ ಎದುರಾಗದಿದ್ದರೆ ಆಕ್ಷೇಪವಿಲ್ಲ. ಮಾನವ ಭ್ರೂಣದ ವಿಷಯದಲ್ಲಿ ಮಾತ್ರ ಬೇಲಿ ಹಾಕಲಾಯಿತು. ಗರ್ಭಕೋಶವನ್ನು ತೆರೆದು ಜೀವಂತ ಭ್ರೂಣದಿಂದ ಮೆದುಳಿನ ಕೋಶಗಳನ್ನು ತೆಗೆಯುವುದು, ಅದರಿಂದ ಭ್ರೂಣ ಸಾಯುವುದರಿಂದ, ಹರಾಮ್. ತಾನಾಗಿ ಗರ್ಭಪಾತವಾಗಿದ್ದರೆ, ಅಥವಾ ತಾಯಿಯ ಪ್ರಾಣ ಉಳಿಸಲು ಶರೀಅತ್ ಅನುಮತಿಸಿದ ಗರ್ಭಪಾತವಾಗಿದ್ದು ಭ್ರೂಣ ಸತ್ತಿರುವುದು ಖಚಿತವಾಗಿದ್ದರೆ ಆ ನಿಷೇಧವಿಲ್ಲ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳ ಮೂಲ ಧರ್ಮಸಮ್ಮತವಾಗಿದ್ದರೆ ಅವುಗಳ ಬಳಕೆಯೂ ಸಮ್ಮತ. ಮೆದುಳಿಲ್ಲದೆ ಹುಟ್ಟಿದ ಶಿಶುವೂ ಜೀವಂತವಿರುವ ತನಕ ಮನುಷ್ಯನೇ. ಅದರ ಶರೀರವನ್ನು ಮುಟ್ಟುವಂತಿಲ್ಲ.

2003ರ ಡಿಸೆಂಬರ್‌ನಲ್ಲಿ ಮಕ್ಕಾದಲ್ಲಿ ರಾಬಿತತುಲ್ ಆಲಮಿಲ್ ಇಸ್ಲಾಮಿಯ ಫಿಕ್ಹ್ ಪರಿಷತ್ತು ತನ್ನ 17ನೇ ಅಧಿವೇಶನದಲ್ಲಿ ಆಕರಕೋಶಗಳ ಬಗ್ಗೆ ಇದೇ ದಾರಿಯಲ್ಲಿ ಮುಂದುವರಿಯಿತು. ಒಪ್ಪಿಗೆ ನೀಡಿದ ವಯಸ್ಕರು, ಹೆರಿಗೆಯ ಬಳಿಕ ಬರುವ ಮಾಸು ಮತ್ತು ಹೊಕ್ಕುಳಬಳ್ಳಿಯ ರಕ್ತ, ತಾನಾಗಿ ಪಾತವಾದ ಭ್ರೂಣ, ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಮಿಕ್ಕಿ ದಂಪತಿ ದಾನ ಮಾಡಿದ ಫಲಿತ ಅಂಡ, ಇವು ಸಮ್ಮತ ಮೂಲಗಳೆಂದಿತು. ಕೋಶಕ್ಕಾಗಿಯೇ ಗರ್ಭಪಾತ ಮಾಡಿಸುವುದು, ಪರಪುರುಷನ ವೀರ್ಯ ಮತ್ತು ಪರಸ್ತ್ರೀಯ ಅಂಡಗಳನ್ನು ಇದಕ್ಕೆಂದೇ ಸೇರಿಸುವುದು, ಚಿಕಿತ್ಸೆಯ ಹೆಸರಿನ ತದ್ರೂಪಿ ಸೃಷ್ಟಿ, ಇವನ್ನು ನಿಷಿದ್ಧವೆಂದು ಘೋಷಿಸಿತು. ಮಿಕ್ಕಿದ ಫಲಿತ ಅಂಡದ ವಿಷಯದಲ್ಲಿ ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ ಎಂಬುದನ್ನು ಹೇಳದೆ ಬಿಡಬಾರದು.

ವಿಜ್ಞಾನವೂ ಈ ಕಷ್ಟವನ್ನು ಸ್ವಲ್ಪ ಹಗುರಗೊಳಿಸಿದೆ. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಸಾಧಾರಣ ಚರ್ಮದ ಕೋಶಗಳನ್ನು ಆಕರಕೋಶದ ಸ್ಥಿತಿಗೆ ಹಿಂದಿರುಗಿಸಿದರು. ಇದಕ್ಕೆ 2012ರಲ್ಲಿ ನೊಬೆಲ್ ಬಹುಮಾನ ಬಂತು. ಭ್ರೂಣದ ಹಂಗಿಲ್ಲದ ಈ ಕೋಶಗಳಿಂದ ಬೆಳೆಸಿದ ನರಕೋಶಗಳನ್ನು ಟೋಕಿಯೋದ ಕೇಯೋ ವಿಶ್ವವಿದ್ಯಾಲಯದವರು ಬೆನ್ನುಹುರಿ ಮುರಿದ 4 ರೋಗಿಗಳಿಗೆ ಕಸಿಮಾಡಿ, ಗಂಭೀರ ಹಾನಿಯಾಗಲಿಲ್ಲ, ಇಬ್ಬರಲ್ಲಿ ಚಲನೆ ಸುಧಾರಿಸಿತು ಎಂದು 2025ರಲ್ಲಿ ಪ್ರಕಟಿಸಿದರು.

ಭರವಸೆಯ ತೂಕ

ಮೂಲ ಶುದ್ಧವೆಂದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ಪ್ರತಿಯೊಂದು ರೋಗಕ್ಕೂ ಮದ್ದಿದೆ ಎಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ಗೊತ್ತು. ಆದರೆ ಮದ್ದು ಇದೆ ಎನ್ನುವುದು ಬೇರೆ, ಯಾರೋ ಕೈಯಲ್ಲಿ ಹಿಡಿದು ತೋರಿಸುತ್ತಿರುವುದೇ ಆ ಮದ್ದು ಎನ್ನುವುದು ಬೇರೆ. ಇಲ್ಲಿ ಇಮಾಮ್ ಗಝ್ಝಾಲಿ(ರ) ಇಹ್ಯಾದ ತವಕ್ಕುಲ್ ಅಧ್ಯಾಯದಲ್ಲಿ ಮಾಡಿದ ವಿಭಜನೆ ಬಹಳ ಉಪಯುಕ್ತ. ಔರಂಗಝೇಬನ ಕಾಲದಲ್ಲಿ ಸಂಕಲಿಸಲಾದ ಫತಾವಾ ಆಲಂಗೀರಿಯಲ್ಲಿಯೂ ಅದು ಬಂದಿದೆ. ಹೀಗಾಗಿ ಕರಾವಳಿಯ ಶಾಫಿಈಗಳಿಗೂ ಘಟ್ಟದ ಮೇಲಿನ ಹನಫಿಗಳಿಗೂ ಇದು ಪರಕೀಯವಲ್ಲ.

ಹಾನಿಯನ್ನು ನೀಗಿಸುವ ಉಪಾಯಗಳು ಮೂರು ಬಗೆ. ಮೊದಲನೆಯದು ಮಕ್ತೂಅ್, ಖಚಿತವಾದುದು: ಬಾಯಾರಿಕೆಗೆ ನೀರು, ಹಸಿವಿಗೆ ಅನ್ನ. ಪ್ರಾಣಕ್ಕೆ ಬಂದಾಗ ಇದನ್ನು ಬಿಡುವುದು ತವಕ್ಕುಲ್ ಅಲ್ಲ, ಪಾಪ. ಎರಡನೆಯದು ಮಝ್ನೂನ್, ಗುಣವಾಗುವ ಸಂಭವ ಹೆಚ್ಚಾಗಿರುವುದು: ವೈದ್ಯರು ಸಾಮಾನ್ಯವಾಗಿ ಕೊಡುವ ಔಷಧಗಳು. ಮಾಡಿಸುವುದು ತವಕ್ಕುಲ್‌ಗೆ ವಿರುದ್ಧವಲ್ಲ, ಬಿಟ್ಟವನು ಪಾಪಿಯೂ ಅಲ್ಲ. ಮೂರನೆಯದು ಮೌಹೂಮ್, ಬರೀ ಊಹೆಯ ಮೇಲೆ ನಿಂತದ್ದು. ಇದನ್ನು ಬಿಡುವುದೇ ಲೇಸು.

ಮೆದುಳಿನ ಗಾಯಕ್ಕೆ ಆಕರಕೋಶದ ಕಸಿ ಇಂದು ಯಾವ ಸಾಲಿನಲ್ಲಿದೆ? ಪುರಾವೆ ನೋಡೋಣ. ಬ್ರಿಟನ್ನಿನ ಗ್ಲಾಸ್ಗೊ ನಗರದಲ್ಲಿ 2010ರಿಂದ 2013ರ ನಡುವೆ ಪಾರ್ಶ್ವವಾಯು ತಗಲಿದ 11 ಮಂದಿ ಹಿರಿಯ ಪುರುಷರ ಮೆದುಳಿಗೆ 20 ಲಕ್ಷದಿಂದ 2 ಕೋಟಿಯವರೆಗೆ ನರ ಆಕರಕೋಶಗಳನ್ನು ಚುಚ್ಚಲಾಯಿತು. ಕೋಶಗಳಿಂದಾಗಿ ಕೆಡುಕಾಗಲಿಲ್ಲ, ಸ್ವಲ್ಪ ಸುಧಾರಣೆ ಕಂಡಿತು ಎಂದು 2016ರಲ್ಲಿ ವರದಿಯಾಯಿತು. ಆದರೆ ಹೋಲಿಸಿ ನೋಡಲು ಕೋಶ ಪಡೆಯದ ರೋಗಿಗಳ ಗುಂಪು ಇರಲಿಲ್ಲ. ಕಾಲ ಕಳೆದಂತೆ ಕೆಲವರು ತಾವಾಗಿಯೇ ಚೇತರಿಸುವುದುಂಟಷ್ಟೆ. ಆ ಕೋಶಗಳೆಲ್ಲ ಸುಮಾರು 12 ವಾರಗಳ ಒಂದು ಭ್ರೂಣದ ಮೆದುಳಿನಿಂದ ಬೆಳೆಸಿದ ಒಂದೇ ಸಂತತಿ. ಆ ಗರ್ಭ ಹೇಗೆ ಕೊನೆಗೊಂಡಿತೆಂಬ ಪ್ರಶ್ನೆಯನ್ನು ಜಿದ್ದಾದ ನಿರ್ಣಯ ಓದಿದವನು ಕೇಳಲೇಬೇಕಾಗುತ್ತದೆ. ಮುಂದೆ ಆ ಕಂಪೆನಿ ಪಾರ್ಶ್ವವಾಯುವಿನ ಪ್ರಯೋಗವನ್ನು ಕೈಬಿಟ್ಟಿತು.

ಅಪಘಾತದ ಗಾಯಕ್ಕೆ ಸಂಬಂಧಿಸಿದಂತೆ ಹೆಚ್ಚು ಗಟ್ಟಿಯಾದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಜಪಾನಿನ ಸ್ಯಾನ್‌ಬಯೋ ಎಂಬ ಕಂಪೆನಿ ಆರೋಗ್ಯವಂತ ವಯಸ್ಕ ದಾನಿಗಳ ಅಸ್ಥಿಮಜ್ಜೆಯ ಕೋಶಗಳನ್ನು ಮಾರ್ಪಡಿಸಿ ಬಳಸಿತು. ಗಾಯವಾಗಿ ಒಂದು ವರ್ಷವಾದರೂ ಕಳೆದ 61 ರೋಗಿಗಳಲ್ಲಿ 46 ಮಂದಿಗೆ ಕೋಶ ಸಿಕ್ಕಿತು. 15 ಮಂದಿಗೆ ಶಸ್ತ್ರಕ್ರಿಯೆಯ ತೋರಿಕೆ ಮಾತ್ರ; ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿಸಿರಲಿಲ್ಲ. 24 ವಾರಗಳ ಬಳಿಕ, ಕೈಕಾಲುಗಳ ಚಲನೆಯನ್ನು 100 ಅಂಕಗಳಲ್ಲಿ ಅಳೆಯುವ ಮಾಪನದಲ್ಲಿ ಕೋಶ ಪಡೆದವರು ಸರಾಸರಿ 8.3 ಅಂಕ, ಪಡೆಯದವರು 2.3 ಅಂಕ ಮೇಲೇರಿದರು. ಮೋಸವಿಲ್ಲದ ಲಾಭ ಇದು. ಆದರೆ ಮಲಗಿದ್ದವನು ಎದ್ದು ಓಡುವ ಲಾಭವಲ್ಲ. ಎತ್ತಲಾಗದ ತೋಳನ್ನು ಅಷ್ಟಿಷ್ಟು ಎತ್ತುವ ಲಾಭ. 2024ರ ಜುಲೈಯಲ್ಲಿ ಜಪಾನ್ ಸರಕಾರ ಇದಕ್ಕೆ ಷರತ್ತುಬದ್ಧ, ಕಾಲಮಿತಿಯ ಅನುಮತಿ ನೀಡಿತು. ತಯಾರಿಯ ಗುಣಮಟ್ಟ ಸಾಬೀತಾಗುವ ತನಕ ಮಾರುಕಟ್ಟೆಗೆ ಬಿಡಬಾರದೆಂದೂ ಹೇಳಿತು. ಇದೇ ಕೋಶಗಳು ಪಾರ್ಶ್ವವಾಯುವಿನ ಪರೀಕ್ಷೆಯಲ್ಲಿ ವಿಫಲವಾದವೆಂದು 2019ರಲ್ಲಿಯೇ ಕಂಪೆನಿ ತಿಳಿಸಿತ್ತು.

ಇನ್ನೂ ಒಂದು ಮಾತು. ಜಪಾನಿನ ಈ ಕೋಶಗಳು ಮೆದುಳಿನಲ್ಲಿ ನರಕೋಶಗಳಾಗಿ ಉಳಿಯುವುದೇ ಇಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳ ಪ್ರಕಾರ ಅವು ಸ್ವಲ್ಪ ಕಾಲ ಬದುಕಿ, ಸುತ್ತಲಿನ ಕೋಶಗಳಿಗೆ ಪೋಷಣೆಯ ರಸಗಳನ್ನು ಒದಗಿಸಿ, ಮೆದುಳಿನ ಸ್ವಂತ ದುರಸ್ತಿಗೆ ನೆರವಾಗಿ ಮಾಯವಾಗುತ್ತವೆ. ಸತ್ತ ಮೆದುಳನ್ನು ಮರಳಿ ಕಟ್ಟುತ್ತೇವೆ ಎಂದು ಜಾಹೀರಾತು ಹಾಕುವವರು ಈ ವಿಷಯವನ್ನು ಬರೆಯುವುದಿಲ್ಲ.

ಹಾನಿಯ ಲೆಕ್ಕವೂ ಇದೆ. ನರಗಳ ವಂಶವಾಹಿ ರೋಗವಿದ್ದ ಇಸ್ರೇಲಿನ ಒಬ್ಬ ಬಾಲಕನನ್ನು ಹೆತ್ತವರು ಮಾಸ್ಕೋಗೆ ಕರೆದೊಯ್ದು, ಅವನ 9, 10 ಮತ್ತು 12ನೇ ವಯಸ್ಸಿನಲ್ಲಿ ಮೂರು ಬಾರಿ ಭ್ರೂಣದ ನರ ಆಕರಕೋಶಗಳನ್ನು ಹಾಕಿಸಿದರು. ಮೊದಲ ಚಿಕಿತ್ಸೆಯ ನಾಲ್ಕು ವರ್ಷಗಳ ಬಳಿಕ ಅವನ ಮೆದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಗಡ್ಡೆಗಳು ಕಂಡವು. ಪರೀಕ್ಷಿಸಿದಾಗ ಗಡ್ಡೆ ಅವನ ಕೋಶಗಳದ್ದಲ್ಲ, ಹಾಕಿದ ಭ್ರೂಣಗಳ ಕೋಶಗಳದ್ದೆಂದು ತಿಳಿಯಿತು. 2009ರಲ್ಲಿ ಇದು ಪ್ರಕಟವಾಯಿತು. ಬೆಳೆಯುವ ಶಕ್ತಿಯನ್ನು ನಂಬಿ ನೆಟ್ಟ ಕೋಶ ಎಲ್ಲಿ ಬೆಳೆಯುವುದನ್ನು ನಿಲ್ಲಿಸಬೇಕೆಂದು ತಿಳಿಯದೆ ಹೋಯಿತು.

ಇದನ್ನೆಲ್ಲ ತೂಗಿದರೆ, ನಿಯಮಬದ್ಧ ಪ್ರಯೋಗದೊಳಗೆ ಈ ಚಿಕಿತ್ಸೆ ಮೌಹೂಮ್‌ನಿಂದ ಮಝ್ನೂನ್‌ನ ಕಡೆಗೆ ಹೆಜ್ಜೆ ಇಡುತ್ತಿದೆ ಎನ್ನಬಹುದು. ಪ್ರಯೋಗದ ಹೊರಗೆ, ಲಕ್ಷಗಳ ಬೆಲೆ ಕಟ್ಟಿ ಮಾರುವಾಗ ಅದು ಮೌಹೂಮ್ ಎಂಬುದೇ ನನ್ನ ಅಭಿಪ್ರಾಯ. ಹಾಗೆ ಮಾರುವವನ ಮೇಲೆ ಇನ್ನೊಂದು ಹೊಣೆಯೂ ಇದೆ. ವೈದ್ಯ ಬಲ್ಲವನೆಂದು ಪರಿಚಿತನಲ್ಲದೆ ವೈದ್ಯ ಮಾಡಿದವನು ಹಾನಿಗೆ ಹೊಣೆಗಾರನೆಂಬ ಹದೀಸಿನ ಆಧಾರದಲ್ಲಿ ನಮ್ಮ ಫುಕಹಾಗಳು ನಷ್ಟಭರ್ತಿಯ ಅಧ್ಯಾಯವನ್ನೇ ಬರೆದಿದ್ದಾರೆ.

ಹಣ ಯಾರದು?

ಒಮ್ಮೆ ಒಬ್ಬ ತಂದೆ ಒಂದು ಬಣ್ಣದ ಕರಪತ್ರವನ್ನು ಹಿಡಿದು ನನ್ನ ಬಳಿಗೆ ಬಂದರು. ಬೈಕ್ ಅಪಘಾತದಲ್ಲಿ ತಲೆಗೆ ಗಾಯವಾದ ಅವರ ಮಗನಿಗೆ ಮಾತು ಅರ್ಧ ಬಂದಿತ್ತು, ಬಲಗೈ ಬಂದಿರಲಿಲ್ಲ. ಬೆನ್ನಿಗೆ ನಾಲ್ಕು ಚುಚ್ಚುಮದ್ದು, ಬೆಲೆ ಹಲವು ಲಕ್ಷ.

"ಹಣಕ್ಕೆ ಏನು ಮಾಡುತ್ತೀರಿ ಹಾಜಿಯಾರೇ?" ಎಂದು ಕೇಳಿದೆ.

"ಕೋರ್ಟಿನಿಂದ ಅವನ ಹೆಸರಿನಲ್ಲಿ ಪರಿಹಾರ ಬಂದಿದೆಯಲ್ಲ, ಉಸ್ತಾದರೇ. ಬ್ಯಾಂಕಿನಲ್ಲಿದೆ."

ಆ ಹಣ ತಂದೆಯದಲ್ಲ. ಅಪಘಾತ ಪರಿಹಾರ ನ್ಯಾಯಮಂಡಳಿ ಗಾಯಾಳುವಿನ ಮುಂದಿನ ಜೀವನಕ್ಕೆಂದು ಕೊಡಿಸಿ, ಎಷ್ಟೋ ಸಲ ಠೇವಣಿಯಾಗಿ ಇಡಿಸುವ ಹಣ ಅದು. ತಂದೆ ಸತ್ತ ಮೇಲೆ ಆ ಮಗನನ್ನು ನೋಡಿಕೊಳ್ಳಬೇಕಾದದ್ದು ಆ ಹಣವೇ. ಬುದ್ಧಿ ಕುಂದಿದವನ ಸೊತ್ತಿಗೆ ವಲಿಯಾದವನು ಮಾಲಕನಲ್ಲ, ಅಮೀನ್. ಅನಾಥರ ಸೊತ್ತಿನ ಬಗ್ಗೆ ಪವಿತ್ರ ಕುರ್‌ಆನ್ ವಿಧಿಸಿರುವ ಕಟ್ಟುನಿಟ್ಟನ್ನು ಫುಕಹಾಗಳು ಇಂತಹವರ ಸೊತ್ತಿಗೂ ಅನ್ವಯಿಸಿದ್ದಾರೆ: ಅವನ ಸ್ಪಷ್ಟ ಹಿತಕ್ಕಲ್ಲದೆ ಮುಟ್ಟುವಂತಿಲ್ಲ. ತನ್ನ ಸ್ವಂತ ಹಣವನ್ನು ಆಸೆಯ ಮೇಲೆ ಕಳೆಯುವ ತಂದೆಯನ್ನು ನಾವು ಕನಿಕರದಿಂದ ನೋಡಬಹುದು. ಮಗನ ಹಣವನ್ನು ಮೌಹೂಮ್ ಆದ ಚಿಕಿತ್ಸೆಗೆ ಸುರಿಯುವ ಅಧಿಕಾರ, ಎಷ್ಟೇ ಪ್ರೀತಿಯಿಂದಾದರೂ, ಅವನಿಗಿಲ್ಲ. ಹೆಣ್ಣುಮಕ್ಕಳ ಪಾಲೂ ಸೇರಿರುವ ವಿಭಾಗವಾಗದ ಜಮೀನನ್ನು ಅವರ ಒಪ್ಪಿಗೆ ಇಲ್ಲದೆ ಮಾರುವುದೂ ಹಾಗೆಯೇ. 'ಅಣ್ಣನ ಚಿಕಿತ್ಸೆಗೆ' ಎಂದಾಗ ಯಾವ ತಂಗಿಯೂ ಬಾಯಿಬಿಟ್ಟು ಬೇಡವೆನ್ನಲಾರಳು. ಆ ಮೌನವನ್ನೇ ಒಪ್ಪಿಗೆಯೆಂದು ಬರೆದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ಆ ತಂದೆಗೆ ನಾನು ಕೇಳಿಬರಲು ಹೇಳಿದ್ದು ಕೆಲವೇ ವಿಷಯಗಳನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಆಕರಕೋಶದ ಕಸಿ ಅಂಗೀಕೃತ ಚಿಕಿತ್ಸೆಯಾಗಿರುವುದು ರಕ್ತ ಸಂಬಂಧಿ ಕಾಯಿಲೆಗಳು ಮುಂತಾದ ಕೆಲವಕ್ಕೆ ಮಾತ್ರ. ಉಳಿದುದೆಲ್ಲ ಪ್ರಯೋಗ. ಪ್ರಯೋಗವೆಂದಾದರೆ ಅದು ದೇಶದ ಪ್ರಯೋಗ ನೋಂದಣಿ ಪಟ್ಟಿಯಲ್ಲಿರಬೇಕು. 2009ರಿಂದ ಇದು ಕಡ್ಡಾಯ. ನೋಂದಣಿ ಸಂಖ್ಯೆ ಕೇಳಿದರೆ ಕೊಡಬೇಕು. ನೈತಿಕ ಸಮಿತಿಯ ಅನುಮತಿ ತೋರಿಸಬೇಕು. ಕೋಶ ಯಾರ ಶರೀರದ್ದೆಂದು ಹೇಳಬೇಕು. ಪ್ರಯೋಗಕ್ಕೆ ಒಳಗಾಗುವವರಿಂದ ಅದರ ಖರ್ಚನ್ನು ವಸೂಲು ಮಾಡಬಾರದೆಂದೂ ಮಾರ್ಗಸೂಚಿ ಹೇಳುತ್ತದೆ. ಹಣ ಕೇಳಿದರೆಂದರೆ ಅವರು ಮಾರುತ್ತಿರುವುದು ಅಂಗೀಕೃತ ಚಿಕಿತ್ಸೆಯೂ ಅಲ್ಲ, ನಿಜವಾದ ಪ್ರಯೋಗವೂ ಅಲ್ಲ.

ಇತ್ತ ಮಝ್ನೂನ್ ಸಾಲಿನಲ್ಲಿ ನಿಸ್ಸಂದೇಹವಾಗಿ ನಿಲ್ಲುವ ಚಿಕಿತ್ಸೆಯೊಂದಿದೆ. ಫಿಸಿಯೋಥೆರಪಿ, ಮಾತಿನ ತರಬೇತಿ, ದಿನನಿತ್ಯದ ಕೆಲಸಗಳನ್ನು ಮರಳಿ ಕಲಿಸುವ ಅಭ್ಯಾಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನರ ಪುನರ್ವಸತಿ ವಿಭಾಗವಿದೆ. ಬದುಕುಳಿದ ನರಕೋಶಗಳು ಹೊಸ ಸಂಪರ್ಕಗಳನ್ನು ಕಟ್ಟಿಕೊಳ್ಳುವುದು ಅಭ್ಯಾಸದಿಂದ. ಮೊದಲ ತಿಂಗಳುಗಳಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ. ಇದಕ್ಕೆ ಕರಪತ್ರವಿಲ್ಲ. ದಿನಕ್ಕೆ ಎರಡು ಹೊತ್ತು ಯಾರಾದರೂ ಆ ಕೈಯನ್ನು ಹಿಡಿದು ಎತ್ತಿಸಬೇಕು, ಲೋಟ ಹಿಡಿಸಬೇಕು, ವುಝೂ ಮಾಡುವಾಗ ನೀರನ್ನು ಅವನ ಕೈಯಿಂದಲೇ ಮುಖಕ್ಕೆ ಹಾಕಿಸಬೇಕು. ಮನೆಯವರು ಅವಸರದಲ್ಲಿ ತಾವೇ ತೊಳೆದುಬಿಟ್ಟರೆ ಅಂದಿನ ಅಭ್ಯಾಸ ತಪ್ಪಿತು.

ಒಪ್ಪಿಗೆಯ ವಿಷಯ ಉಳಿದಿದೆ. ಗಾಯವಾದ ಮೊದಲ ದಿನಗಳಲ್ಲಿ ಪ್ರಜ್ಞೆಯಿಲ್ಲದವನ ಪರವಾಗಿ ವಲಿ ಸಹಿ ಹಾಕುತ್ತಾನೆ, ಅದು ಸರಿ. ವರ್ಷ ಕಳೆದು, ತನ್ನ ಹೆಸರು ಹೇಳಬಲ್ಲ, ಬೇಕು ಬೇಡ ಎನ್ನಬಲ್ಲ ಮಗನ ವಿಷಯದಲ್ಲಿ ಹಾಗಲ್ಲ. ಜಪಾನಿನ ಪ್ರಯೋಗದಂತಹವುಗಳಿಗೆ ಗಾಯವಾಗಿ ವರ್ಷ ಕಳೆದವರನ್ನೇ ಆರಿಸಿಕೊಳ್ಳುತ್ತಾರೆ. ಅಂತಹ ಪ್ರಯೋಗ ನಮ್ಮಲ್ಲಿ ನಡೆದರೆ, ತಲೆಬುರುಡೆಗೆ ರಂಧ್ರ ಕೊರೆಯುವರೆಂದೂ ಲಾಭವಾಗದಿರಬಹುದೆಂದೂ ಅವನಿಗೆ ಅರ್ಥವಾಗುವ ಮಾತಿನಲ್ಲಿ, ನಿಧಾನವಾಗಿ, ಬೇಕಾದರೆ ಎರಡು ಮೂರು ದಿನಗಳಲ್ಲಿ ಹೇಳಿ ಅವನನ್ನೇ ಕೇಳಬೇಕು. ಅವನು ತಲೆಯಾಡಿಸಿ ಬೇಡವೆಂದರೆ ತಂದೆಯ ಸಹಿಗೆ ಅಲ್ಲಿ ಜಾಗವಿಲ್ಲ.